ಎದುರಿಗೆ ಆಡಬೇಕಾದ ಮಾತು

ಪರರನ್ನು ಕುರಿತು ಆಡುವ ಮಾತಿನಲ್ಲಿ ಸುಳ್ಳಿದ್ದರೆ ಅದು ಪಾಪ ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಹತ್ತು ಆಜ್ಞೆಗಳನ್ನು ಬಾಯಿಪಾಠ ಮಾಡಿದ ಮಗುವೂ ಅಷ್ಟನ್ನು ಬಲ್ಲದು. ತೊಡಕು ಇರುವುದು ಆ ಮಾತು ನಿಜವಾಗಿರುವಾಗ. ಗೆಳೆಯನೊಬ್ಬನಲ್ಲಿ ದೋಷವಿದೆ, ಅದನ್ನು ನಾವು ಕಣ್ಣಾರೆ ಕಂಡಿದ್ದೇವೆ, ಕಂಡದ್ದಕ್ಕಿಂತ ಒಂದಕ್ಷರವನ್ನೂ ಹೆಚ್ಚಿಗೆ ಸೇರಿಸದೆ ಹೇಳುತ್ತಿದ್ದೇವೆ. ಆದರೆ ಹೇಳುತ್ತಿರುವುದು ಅವನಿಗಲ್ಲ, ಅವನನ್ನು ಬಲ್ಲ ಮತ್ತೊಬ್ಬನಿಗೆ. ಅವನು ಎದುರಾದಾಗ ಎಂದಿನಂತೆ ನಗುತ್ತೇವೆ, ಮನೆಮಂದಿಯ ಕ್ಷೇಮಸಮಾಚಾರ ವಿಚಾರಿಸುತ್ತೇವೆ. ಸುಳ್ಳು ಹೇಳಿಲ್ಲವೆಂಬ ಸಮಾಧಾನವೂ ನಮಗಿದೆ. ಹಾಗಾದರೆ ತಪ್ಪು ಎಲ್ಲಿದೆ?

ಭಾನುವಾರದ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ನಿಂತು ಮಾತಾಡುವ ನಾಲ್ವರಲ್ಲಿ ಒಬ್ಬರು ಹೊರಟುಹೋದರೆ, ಉಳಿದ ಮೂವರ ಮಾತು ಎತ್ತ ತಿರುಗುತ್ತದೆ ಎಂಬುದು ಓದುಗರಿಗೆ ತಿಳಿಯದ ವಿಷಯವಲ್ಲ. (ಮೂವರು ಗುರುಗಳು ಒಂದೆಡೆ ಸೇರಿದಾಗಲೂ ಪರಿಸ್ಥಿತಿ ಇದಕ್ಕಿಂತ ಬಹಳ ಭಿನ್ನವಾಗಿರುತ್ತದೆಂದು ಯಾರೂ ಭಾವಿಸಬೇಕಾಗಿಲ್ಲ.) ಈ ಮಾತಿಗೆ ಒಂದು ಬಗೆಯ ಸಿಹಿ ಇದೆ. ಹೇಳುವವನಿಗೂ ಕೇಳುವವನಿಗೂ ನಡುವೆ ಅದು ಆಪ್ತತೆಯನ್ನು ಹುಟ್ಟಿಸುತ್ತದೆ. ಮೂರನೆಯವನನ್ನು ಬೆಲೆಯಾಗಿ ತೆತ್ತು ಇಬ್ಬರು ಸ್ನೇಹವನ್ನು ಕೊಳ್ಳುತ್ತಾರೆ. ಕೊಂಡ ಸ್ನೇಹವಾದುದರಿಂದ ಅದರ ಒಳಗೆ ಒಂದು ಅಳುಕೂ ಇರುತ್ತದೆ: ನಾಳೆ ನಾನು ಎದ್ದುಹೋದ ಮೇಲೆ ನನ್ನ ಸರದಿಯೇ?

ಕಪಟಿ ಎಂದು ನಮ್ಮ ಬೈಬಲಿನಲ್ಲಿ ಅನುವಾದಗೊಂಡಿರುವ ಗ್ರೀಕ್ ಪದ 'ಹುಪೊಕ್ರಿತೇಸ್' ಎಂಬುದು. ಗ್ರೀಕರ ನಾಡಿನಲ್ಲಿ ಅದು ಬೈಗುಳವಾಗಿರಲಿಲ್ಲ. ಮುಖವಾಡ ಧರಿಸಿ ರಂಗದ ಮೇಲೆ ನಿಲ್ಲುವ ನಟನ ಹೆಸರು. ನಟನಲ್ಲಿ ದೋಷವೇನೂ ಇಲ್ಲ. ಚೌಕಿಯಲ್ಲಿ ಕುಳಿತು ಬಣ್ಣ ಹಚ್ಚಿಕೊಂಡು ರಂಗಕ್ಕೆ ಬರುವ ಯಕ್ಷಗಾನದ ರಾವಣ ಯಾರನ್ನೂ ವಂಚಿಸುವುದಿಲ್ಲ. ಆತ ಬೆಳಗಾದರೆ ತನ್ನ ಗದ್ದೆಗೆ ಹೋಗುವ ಮನುಷ್ಯನೆಂಬುದು ನೋಡುವವರೆಲ್ಲರಿಗೂ ಗೊತ್ತು. ಆಟ ನಡೆಯುತ್ತಿದೆಯೆಂಬುದು ಎದುರಿಗಿರುವವನಿಗೆ ಗೊತ್ತಿಲ್ಲದಿದ್ದಾಗ ಮಾತ್ರ ನಟನೆಯು ಕಪಟವಾಗುತ್ತದೆ. ಗೆಳೆಯನ ಮುಂದೆ ನಗುತ್ತ ನಿಂತಿರುವ ನಮ್ಮ ಮುಖ ಬಣ್ಣದ ಮುಖವೆಂದು ಅವನೊಬ್ಬನಿಗೆ ತಿಳಿದಿಲ್ಲ, ಊರಿಗೆಲ್ಲ ತಿಳಿದಿದೆ.

ಈ ವಿಷಯದಲ್ಲಿ ನಾವು ಪದೇ ಪದೇ ನೆನೆಯುವುದು ತೊಲೆ ಮತ್ತು ರವೆಯ ಸಾಮತಿಯನ್ನು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತುಬಿದ್ದಿದ್ದರೂ ಪರರ ಎಲೆಯ ನೊಣ ಹುಡುಕುವವನನ್ನು ನಮ್ಮ ಹಿರಿಯರೂ ಕಂಡಿದ್ದರು. ಆದರೆ ಗಾದೆ ಮುಗಿಯುವ ಕಡೆ ಯೇಸುಸ್ವಾಮಿಯ ಮಾತು ಮುಗಿಯುವುದಿಲ್ಲ. ಮತ್ತಾಯನ ಶುಭಸಂದೇಶದ ಏಳನೆಯ ಅಧ್ಯಾಯವನ್ನು ಕೊನೆಯವರೆಗೆ ಓದಿದರೆ, ಮೊದಲು ತನ್ನ ಕಣ್ಣಿನ ತೊಲೆಯನ್ನು ತೆಗೆದುಕೊಂಡವನಿಗೆ ಸೋದರನ ಕಣ್ಣಿನ ರವೆಯನ್ನು ತೆಗೆಯಲು ದೃಷ್ಟಿ ತಿಳಿಯಾಗುವುದೆಂದು ಅಲ್ಲಿದೆ. ರವೆಯನ್ನು ಅಲ್ಲಿಯೇ ಬಿಟ್ಟುಬಿಡಬೇಕೆಂದು ಸ್ವಾಮಿ ಹೇಳಲಿಲ್ಲ. ಕಣ್ಣಿಗೆ ಬಿದ್ದ ಧೂಳು ಉರಿಯುತ್ತದೆ. ಯಾರಾದರೂ ಅದನ್ನು ತೆಗೆಯಲೇಬೇಕು. ಮಗುವಿನ ಕಣ್ಣಿನ ಕಸವನ್ನು ತಾಯಿ ಸೆರಗಿನ ತುದಿಯಿಂದ ತೆಗೆಯುವುದನ್ನು ನೋಡಿದವರಿಗೆ ಗೊತ್ತು, ಆ ಕೆಲಸಕ್ಕೆ ಬೆಳಕು ಬೇಕು, ಹಗುರವಾದ ಕೈ ಬೇಕು. ಎಲ್ಲಕ್ಕಿಂತ ಮೊದಲು ಆ ಕಣ್ಣು ನಮ್ಮ ಮುಂದೆಯೇ ಇರಬೇಕು. ಇಲ್ಲದವನ ಕಣ್ಣಿನ ರವೆಯನ್ನು ಯಾರೂ ತೆಗೆಯಲಾರರು.

ಧರ್ಮಸಭೆಯ ಮೊದಲ ತಲೆಮಾರಿನಲ್ಲಿಯೇ ಈ ಪರೀಕ್ಷೆ ಎದುರಾಯಿತು, ಅದೂ ಸಾಮಾನ್ಯರ ನಡುವೆಯಲ್ಲ, ಪ್ರೇಷಿತರ ನಡುವೆ. ಕ್ರಿ.ಶ. 50ರ ಆಸುಪಾಸಿನಲ್ಲಿ ಅಂತಿಯೋಕ್ಯದಲ್ಲಿ ನಡೆದ ಘಟನೆಯನ್ನು ಸಂತ ಪೌಲರು ಗಲಾತ್ಯರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ ತಿಳಿಸಿದ್ದಾರೆ. ಶಿಷ್ಯರಿಗೆ ಕ್ರೈಸ್ತರೆಂಬ ಹೆಸರು ಮೊದಲು ಬಂದದ್ದು ಇದೇ ಊರಿನಲ್ಲಿ. ಅಲ್ಲಿ ಯೆಹೂದ್ಯ ಮೂಲದವರೂ ಅನ್ಯಜನರಿಂದ ಬಂದವರೂ ಒಂದೇ ಪಂಕ್ತಿಯಲ್ಲಿ ಕುಳಿತು ಊಟ ಮಾಡುತ್ತಿದ್ದರು. ಸಂತ ಪೇತ್ರರೂ ಅವರೊಡನೆ ಕುಳಿತು ಉಣ್ಣುತ್ತಿದ್ದರು. ಅಷ್ಟರಲ್ಲಿ ಜೆರುಸಲೇಮಿನಿಂದ, ಯಕೋಬರ ಕಡೆಯಿಂದ ಕೆಲವರು ಬಂದರು. ಸುನ್ನತಿಯ ಪಕ್ಷದವರಿಗೆ ಅಂಜಿ ಪೇತ್ರರು ಮೆಲ್ಲಮೆಲ್ಲನೆ ಹಿಂದೆ ಸರಿದು ಬೇರೆಯಾದರು. ಅವರನ್ನು ಕಂಡು ಉಳಿದ ಯೆಹೂದ್ಯರೂ ಎದ್ದರು. ಕಡೆಗೆ ಪೌಲರ ಸಹಪಯಣಿಗ ಬಾರ್ನಬರೂ ಎದ್ದರು. ಪೌಲರು ಇದಕ್ಕೆ ಬಳಸಿದ ಪದ ಆ ನಟನ ಪದವೇ.

ಇಲ್ಲಿ ಗಮನಿಸಬೇಕಾದುದೊಂದಿದೆ. ಪೇತ್ರರ ನಂಬಿಕೆ ತಪ್ಪಾಗಿರಲಿಲ್ಲ. ಇದಕ್ಕೆ ಮುಂಚೆ ಕೈಸರೇಯದಲ್ಲಿ ರೋಮನ್ ಶತಾಧಿಪತಿ ಕೊರ್ನೇಲಿಯನ ಮನೆಗೆ ಹೋಗಿ, ದೇವರು ಪಕ್ಷಪಾತಿಯಲ್ಲವೆಂದು ಸಾರಿದವರು ಅವರೇ. ಸತ್ಯ ಯಾವುದೆಂದು ಅವರಿಗೆ ಗೊತ್ತಿತ್ತು. ನೋಡುವವರು ಬದಲಾದಾಗ ಆ ಸತ್ಯವನ್ನು ಮರೆಮಾಡಿದರು. ಕಪಟವೆಂದರೆ ದುಷ್ಟತನವೆಂದು ನಾವು ಎಣಿಸುತ್ತೇವೆ. ಬಹುಪಾಲು ಅದು ಅಂಜಿಕೆಯೇ ಆಗಿರುತ್ತದೆ. ಗೆಳೆಯನ ತಪ್ಪನ್ನು ಅವನಿಗೆ ಹೇಳದೆ ಬೇರೆಯವರಿಗೆ ಹೇಳುವವನೂ ದುಷ್ಟನಾಗಿರಬೇಕಾಗಿಲ್ಲ. ಅವನು ಅಂಜುಬುರುಕನಾಗಿದ್ದರೆ ಸಾಕು.

ಪಂಕ್ತಿಯಿಂದ ಒಬ್ಬರು ಎದ್ದುಹೋದರೆ ಉಳಿದು ಕುಳಿತವರ ಎದೆಗೆ ಏನು ಮುಟ್ಟುತ್ತದೆ ಎಂಬುದನ್ನು ಬೇರೆ ದೇಶದವರಿಗೆ ಬಿಡಿಸಿ ಹೇಳಬೇಕಾದೀತು, ನಮಗೆ ಬೇಕಾಗಿಲ್ಲ. ಯಾರು ಯಾರ ಜೊತೆ ಕುಳಿತು ಉಣ್ಣಬೇಕೆಂಬ ಲೆಕ್ಕಾಚಾರದಲ್ಲಿ ಶತಮಾನಗಳನ್ನು ಕಳೆದ ನಾಡು ನಮ್ಮದು. ನಮ್ಮ ದೇವಾಲಯಗಳ ಒಳಗೂ ಆ ಭೇದ ನುಸುಳಿದೆಯೆಂಬುದನ್ನು ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯೇ 2016ರಲ್ಲಿ ಹೊರತಂದ ದಲಿತ ಸಬಲೀಕರಣದ ನೀತಿಯಲ್ಲಿ ಒಪ್ಪಿಕೊಂಡಿದೆ. ಅಂತಿಯೋಕ್ಯದಲ್ಲಿ ಖಾಲಿಯಾದದ್ದು ಬರೀ ಒಂದು ಆಸನವಲ್ಲ. ನೀವು ಎರಡನೆಯ ದರ್ಜೆಯ ವಿಶ್ವಾಸಿಗಳು ಎಂಬ ಸಂದೇಶ ಒಂದು ಮಾತೂ ಇಲ್ಲದೆ ಅಲ್ಲಿ ಕುಳಿತಿದ್ದವರಿಗೆ ತಲುಪಿತು.

ಆಗ ಪೌಲರು ಏನು ಮಾಡಬಹುದಾಗಿತ್ತು? ಬಾರ್ನಬರನ್ನು ಪಕ್ಕಕ್ಕೆ ಕರೆದು ಪೇತ್ರರ ಬಗ್ಗೆ ನಿಟ್ಟುಸಿರು ಬಿಡಬಹುದಾಗಿತ್ತು. ಅವರು ಪ್ರಭುವಿನೊಡನೆ ನಡೆದಾಡಿದವರು, ನಾನು ತಡವಾಗಿ ಬಂದವನು ಎಂದು ಸುಮ್ಮನಿರಬಹುದಾಗಿತ್ತು. ಅದನ್ನು ವಿನಯವೆಂದು ಎಲ್ಲರೂ ಮೆಚ್ಚುತ್ತಿದ್ದರು. ಪೌಲರು ಎರಡನ್ನೂ ಮಾಡಲಿಲ್ಲ. ಎಲ್ಲರ ಸಮ್ಮುಖದಲ್ಲಿ, ಮುಖಕ್ಕೆ ಮುಖ ಕೊಟ್ಟು ಆಕ್ಷೇಪಿಸಿದರು. ಮೊದಲು ಏಕಾಂತದಲ್ಲಿ ಹೇಳಬೇಕೆಂದು ಸ್ವಾಮಿಯೇ ಕಲಿಸಿಲ್ಲವೇ, ಮತ್ತಾಯನ ಹದಿನೆಂಟನೆಯ ಅಧ್ಯಾಯವೇನಾಯಿತು ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ಸಂತ ತೋಮಾಸ್ ಅಕ್ವಿನಾಸರು 13ನೆಯ ಶತಮಾನದಲ್ಲಿ ಎತ್ತಿಕೊಂಡಿದ್ದಾರೆ. ಗುಟ್ಟಾಗಿ ನಡೆದ ತಪ್ಪಿಗೆ ಗುಟ್ಟಾಗಿ ತಿದ್ದುಪಡಿ. ಎಲ್ಲರ ಕಣ್ಣೆದುರು ನಡೆದು ಎಲ್ಲರನ್ನೂ ಎಡವಿಸುತ್ತಿರುವ ತಪ್ಪಿಗೆ ಎಲ್ಲರ ಎದುರಿಗೇ ಉತ್ತರ ಎಂಬುದು ಅವರ ನಿಲುವು. ಗೆಳೆಯನ ಮಾನವನ್ನು ಉಳಿಸುವುದಕ್ಕಾಗಿ ಗಾಯಗೊಂಡವರನ್ನು ಹಾಗೆಯೇ ಬಿಡಲಾಗದು. ಅಕ್ವಿನಾಸರು ಸೋದರನ ತಿದ್ದುಪಡಿಯನ್ನು ಇರಿಸಿರುವುದು ಪ್ರೀತಿಯ ಕ್ರಿಯೆಗಳ ಸಾಲಿನಲ್ಲಿ, ದಾನಧರ್ಮದ ಪಕ್ಕದಲ್ಲಿ. ಹಿಂದಿನಿಂದ ಆಡಿಕೊಳ್ಳುವುದನ್ನೂ ಚಾಡಿ ಹೇಳುವುದನ್ನೂ ಅವರು ಬೇರೆಬೇರೆಯಾಗಿಯೇ ಪರಿಶೀಲಿಸಿ, ಚಾಡಿಯೇ ಹೆಚ್ಚು ಘೋರವೆಂದರು. ಆಡಿಕೊಳ್ಳುವವನು ಒಬ್ಬನ ಹೆಸರನ್ನು ಕೆಡಿಸುತ್ತಾನೆ. ಚಾಡಿಕೋರ ಅವನ ಗೆಳೆತನವನ್ನೇ ಕದಿಯುತ್ತಾನೆ.

ಈ ಪ್ರಸಂಗಕ್ಕೆ ಒಂದು ಎರಡನೆಯ ಅಂಕವಿದೆ. ಅದು ನಮ್ಮ ಪ್ರವಚನಗಳಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಅಂತಿಯೋಕ್ಯದ ಘಟನೆ ನಡೆದು ಮುನ್ನೂರೈವತ್ತು ವರ್ಷಗಳಾಗುವ ಹೊತ್ತಿಗೆ, ಅದೇ ಘಟನೆಯ ಅರ್ಥವನ್ನು ಕುರಿತು ಇಬ್ಬರು ಸಂತರು ಜಗಳವಾಡಿದರು. ಬೆತ್ಲೆಹೇಮಿನಲ್ಲಿ ನೆಲೆಸಿದ್ದ ಸಂತ ಜೆರೋಮರು ಒಬ್ಬರು, ಉತ್ತರ ಆಫ್ರಿಕದ ಹಿಪ್ಪೋದಲ್ಲಿದ್ದ ಸಂತ ಅಗುಸ್ತೀನರು ಇನ್ನೊಬ್ಬರು. ಇಬ್ಬರು ಮಹಾಪ್ರೇಷಿತರು ನಿಜವಾಗಿಯೂ ಹೀಗೆ ಎದುರುಬದುರಾದರೆಂದು ಒಪ್ಪಲು ಜೆರೋಮರ ಮನಸ್ಸು ಹಿಂಜರಿಯಿತು. ಪೇತ್ರರು ಸರಿದದ್ದೂ ಪೌಲರು ಗದರಿದ್ದೂ ಜನರಿಗೆ ಪಾಠ ಕಲಿಸುವ ಸಲುವಾಗಿ ಮಾಡಿದ ಸದುದ್ದೇಶದ ನಟನೆಯೆಂದು ಅವರು ಗಲಾತ್ಯರ ಪತ್ರದ ಭಾಷ್ಯದಲ್ಲಿ ಬರೆದರು. ಒರಿಜೆನರಂಥ ಹಿಂದಿನ ವಿದ್ವಾಂಸರ ಬೆಂಬಲ ಅವರಿಗಿತ್ತು. ಪೌಲರೇ ತಿಮೊಥೇಯನಿಗೆ ಯೆಹೂದ್ಯರ ನಿಮಿತ್ತ ಸುನ್ನತಿ ಮಾಡಿಸಿರಲಿಲ್ಲವೇ? ತಾನೇ ಮಾಡಿದ್ದನ್ನು ಪೇತ್ರರು ಮಾಡಿದಾಗ ಹೇಗೆ ಖಂಡಿಸಿಯಾರು ಎಂದೂ ಜೆರೋಮರು ಮುಂದೆ ಕೇಳಿದರು. ಪ್ರಶ್ನೆ ಹಗುರವಾದುದಲ್ಲ.

ಅಗುಸ್ತೀನರಿಗೆ ಇದು ಒಪ್ಪಿಗೆಯಾಗಲಿಲ್ಲ. ಆ ಪತ್ರದಲ್ಲಿಯೇ ಪೌಲರು ತಾನು ಸುಳ್ಳು ಹೇಳುತ್ತಿಲ್ಲವೆಂದು ದೇವರನ್ನು ಸಾಕ್ಷಿಗೆ ಕರೆದಿದ್ದಾರೆ. ಒಳ್ಳೆಯ ಉದ್ದೇಶದ ಸುಳ್ಳನ್ನು ಪವಿತ್ರಗ್ರಂಥದೊಳಗೆ ಒಂದೆಡೆ ಬಿಟ್ಟುಕೊಂಡರೆ ಬೇರಾವ ವಾಕ್ಯವನ್ನು ನೆಚ್ಚುವುದು? ಸುಮಾರು 395ರಲ್ಲಿ, ಇನ್ನೂ ಧರ್ಮಾಧ್ಯಕ್ಷರಾಗುವ ಮುನ್ನ, ಅವರು ಜೆರೋಮರಿಗೇ ನೇರವಾಗಿ ಬರೆದರು. ಎದುರಿಗೆ ಆಡುವ ಮಾತೇ ಅದು. ಆದರೆ ಪತ್ರವನ್ನು ಒಯ್ಯಬೇಕಾಗಿದ್ದವರು ಹೊರಡುವ ಮುನ್ನವೇ ಧರ್ಮಾಧ್ಯಕ್ಷರಾಗಿ ನೇಮಕಗೊಂಡು, ಬೇಗನೆ ತೀರಿಕೊಂಡರು. ಎರಡು ವರ್ಷಗಳ ನಂತರ ಇನ್ನೊಂದು ಪತ್ರ ಬರೆದರು. ಅದನ್ನು ಕೈಗೆ ತೆಗೆದುಕೊಂಡವರು ಸಮುದ್ರಯಾನಕ್ಕೆ ಹೆದರಿ ಹೋಗಲಿಲ್ಲ. ಪತ್ರ ಮಾತ್ರ ತನ್ನ ಪಾಡಿಗೆ ಸಂಚಾರ ಹೊರಟಿತು. ರೋಮಿನಲ್ಲಿ ಜನ ಅದನ್ನು ಓದಿದರು. ಏಡ್ರಿಯಾಟಿಕ್ ಸಮುದ್ರದ ಒಂದು ದ್ವೀಪದಲ್ಲಿ ಸಿಕ್ಕ ಪ್ರತಿಯೊಂದು ಒಬ್ಬ ಸೇವಾದರ್ಶಿಯ ಮೂಲಕ ಕೊನೆಗೆ ಜೆರೋಮರನ್ನು ಮುಟ್ಟಿತು. ಎಲ್ಲರೂ ಓದಿಯಾದ ಮೇಲೆ ಓದಬೇಕಾದವರು ಓದಿದರು. ಅಷ್ಟರಲ್ಲಿ, ಅಗುಸ್ತೀನರು ನಿಮ್ಮ ವಿರುದ್ಧ ಒಂದು ಪುಸ್ತಕವನ್ನೇ ಬರೆದು ರೋಮಿಗೆ ಕಳುಹಿಸಿದ್ದಾರಂತೆ ಎಂಬ ಗಾಳಿಮಾತೂ ಹಬ್ಬಿತ್ತು. ನಿಮ್ಮ ಹೆಸರು ಕೆಡಿಸಿ ತಾನು ಹೆಸರು ಗಳಿಸಲು ಹೀಗೆ ಮಾಡಿದ್ದಾರೆಂದು ಕಿವಿಯೂದುವ ಆಪ್ತರೂ ಬೆತ್ಲೆಹೇಮಿನಲ್ಲಿದ್ದರು. ಇಂಥ ಆಪ್ತರಿಗೆ ಯಾವ ಕಾಲದಲ್ಲಿಯೂ ಬರವಿಲ್ಲ.

ಜೆರೋಮರಿಗೆ ಸಿಟ್ಟು ಬಂದದ್ದು ಸಹಜ. ಈ ಪತ್ರ ನಿಮ್ಮದೇ ಹೌದೇ, ಹೌದಾದರೆ ನಿಮ್ಮ ಸಹಿಯೊಡನೆ ಕಳುಹಿಸಿ ಎಂಬ ಅರ್ಥದಲ್ಲಿ ಅವರು ಬರೆದರು. ವಯಸ್ಸಾದವನನ್ನು ಕೆಣಕಬೇಡಿರೆಂಬ ಎಚ್ಚರಿಕೆಯೂ ಅದರಲ್ಲಿತ್ತು. 404ರಲ್ಲಿ ದೀರ್ಘವಾದ, ಖಾರವಾದ ಉತ್ತರ ಕೊಟ್ಟರು. 405ರಲ್ಲಿ ಅಗುಸ್ತೀನರು ಬರೆದ ಪತ್ರ ಇನ್ನೂ ದೀರ್ಘ. ವಾದದಲ್ಲಿ ಅವರು ಒಂದಿಂಚೂ ಹಿಂದೆ ಸರಿಯಲಿಲ್ಲ. ಆದರೆ ಧರ್ಮಾಧ್ಯಕ್ಷನ ಪದವಿ ಗುರುವಿನ ಪದವಿಗಿಂತ ದೊಡ್ಡದಾದರೂ, ಅನೇಕ ವಿಷಯಗಳಲ್ಲಿ ಅಗುಸ್ತೀನನು ಜೆರೋಮರಿಗಿಂತ ಚಿಕ್ಕವನೆಂದು ಒಪ್ಪಿಕೊಂಡರು. ತನ್ನ ತಪ್ಪುಗಳನ್ನೂ ಹೀಗೆಯೇ ತೋರಿಸಿಕೊಡಬೇಕೆಂದು ಕೇಳಿಕೊಂಡರು. ಅದೇ ಪತ್ರದಲ್ಲಿ ಅಂತಿಯೋಕ್ಯದ ಪ್ರಸಂಗವನ್ನು ಅವರು ತಿರುಗಿಸಿ ನೋಡಿದ ಬಗೆ ನನಗೆ ಬಹಳ ಇಷ್ಟ. ನಾವೆಲ್ಲರೂ ಪೌಲರ ಧೈರ್ಯವನ್ನು ಹೊಗಳುತ್ತೇವೆ. ಅಗುಸ್ತೀನರ ದೃಷ್ಟಿಯಲ್ಲಿ ಹೆಚ್ಚು ಅಪರೂಪದ, ಹೆಚ್ಚು ಪವಿತ್ರವಾದ ಮಾದರಿ ಪೇತ್ರರದು. ಕಿರಿಯವನೊಬ್ಬ ಎಲ್ಲರ ಎದುರು ತಿದ್ದಿದಾಗ ಹಿರಿಯರಾದ ಅವರು ಅದನ್ನು ಸಹಿಸಿಕೊಂಡರು. ಪೇತ್ರರ ಹೆಸರಿನಲ್ಲಿರುವ ಎರಡನೆಯ ಪತ್ರ ಪೌಲರನ್ನು ಪ್ರಿಯ ಸೋದರನೆಂದೇ ಕರೆಯುತ್ತದೆ.

ಈ ಇಬ್ಬರೂ ಜೀವಮಾನದಲ್ಲಿ ಒಮ್ಮೆಯೂ ಭೇಟಿಯಾಗಲಿಲ್ಲ. ಆದರೂ ಅವರ ಸ್ನೇಹ ಮುರಿಯಲಿಲ್ಲ. ಜೆರೋಮರು 415ರಲ್ಲಿ ಪೆಲಾಜಿಯನ್ನರ ವಿರುದ್ಧ ಬರೆದ ಸಂವಾದ ಗ್ರಂಥದಲ್ಲಿ, ದೋಷವೇ ಇಲ್ಲದ ಮನುಷ್ಯನಿಲ್ಲ ಎನ್ನುವುದಕ್ಕೆ ಪೇತ್ರರನ್ನು ಪೌಲರು ಗದರಿಸಿದ್ದನ್ನೇ ನಿದರ್ಶನವಾಗಿ ಬಳಸಿದರು. ತನ್ನ ಹಿರಿಯ ಮಿತ್ರರು ಮನಸ್ಸು ಬದಲಿಸಿದ್ದಾರೆಂಬುದನ್ನು ಅಗುಸ್ತೀನರು ಗುರುತಿಸಿದರು. ಆದರೆ ಜೆರೋಮರ ಮತ್ತೊಂದು ಸ್ನೇಹಕ್ಕೆ ಈ ಭಾಗ್ಯವಿರಲಿಲ್ಲ. ರೋಮಿನಲ್ಲಿ ಒಟ್ಟಿಗೆ ಓದಿದ ರುಫೀನರು ಅವರ ಪ್ರಾಣಸ್ನೇಹಿತರು. ಒರಿಜೆನರ ಬೋಧನೆಯ ವಿಷಯದಲ್ಲಿ ಹುಟ್ಟಿದ ಭಿನ್ನಾಭಿಪ್ರಾಯ 397ರಲ್ಲಿ ಜೆರುಸಲೇಮಿನಲ್ಲಿ ರಾಜಿಯಾಗಿ ಶಮನವಾದಂತೆ ಕಂಡಿತು. ಬಳಿಕ ಒಬ್ಬರು ಬರೆದ ಮುನ್ನುಡಿಗೆ ಇನ್ನೊಬ್ಬರು ಸಿಡಿದು, ಇಬ್ಬರೂ ಲೋಕವೆಲ್ಲ ಓದುವಂತೆ ಗ್ರಂಥಗಳನ್ನೇ ಬರೆದು ಬೈದಾಡಿದರು. ಅದನ್ನು ಓದಿದ ಅಗುಸ್ತೀನರು, ನೀವಿಬ್ಬರೂ ಒಂದೆಡೆ ಸಿಕ್ಕಿದ್ದರೆ ಕಾಲಿಗೆ ಬಿದ್ದು ಅತ್ತು ಬೇಡಿಕೊಳ್ಳುತ್ತಿದ್ದೆ, ದುರ್ಬಲ ವಿಶ್ವಾಸಿಗಳು ನಿಮ್ಮನ್ನು ನಾಟಕ ನೋಡುವಂತೆ ನೋಡುತ್ತಿದ್ದಾರೆ, ಅದರಿಂದ ಅವರಿಗೇ ಅಪಾಯ ಎಂಬರ್ಥದಲ್ಲಿ ಜೆರೋಮರಿಗೆ ಬರೆದರು. ಆ ಬೇಡಿಕೆ ಫಲಿಸಲಿಲ್ಲ. ರುಫೀನರು ತೀರಿಹೋದ ಮೇಲೂ ಜೆರೋಮರ ಲೇಖನಿ ಅವರನ್ನು ಕುಟುಕುವುದನ್ನು ಬಿಡಲಿಲ್ಲ. ಸಂತರ ಜೀವನವನ್ನು ಬರೆಯುವವರು ಈ ಪುಟವನ್ನು ಸಾಮಾನ್ಯವಾಗಿ ದಾಟಿಹೋಗುತ್ತಾರೆ. ದಾಟಬಾರದೆಂದೇ ನನ್ನ ಅಭಿಪ್ರಾಯ.

ಅದೇ ದೋಷ ನನ್ನಲ್ಲಿಯೂ ಇರುವಾಗ ನಾನು ಗೆಳೆಯನಿಗೆ ಹೇಗೆ ಹೇಳಲಿ ಎಂಬುದು ಅನೇಕರ ಪ್ರಾಮಾಣಿಕ ಅಳುಕು. ದೋಷಿಯಾದವನು ಗರ್ವದಿಂದ ತಿದ್ದಲು ಹೋದರೆ ಅದು ಕಪಟ, ವಿನಯದಿಂದ ತಿದ್ದಿದರೆ ಅದಕ್ಕೆ ಅಡ್ಡಿಯಿಲ್ಲ ಎಂದು ಅಕ್ವಿನಾಸರು ಇದಕ್ಕೂ ಉತ್ತರಿಸಿದ್ದಾರೆ. ನಾವಿಬ್ಬರೂ ಒಂದೇ ಕೆಸರಿನಲ್ಲಿದ್ದೇವೆ, ಕೈ ಕೊಡು, ಮೇಲೆ ಹತ್ತೋಣ ಎನ್ನುವ ಮಾತು ಅದು. ಇದಕ್ಕೆ ತಿರುವಾದ ಒಂದು ವೇಷವನ್ನು ನಾನು ಹೆಚ್ಚು ಸಂಶಯದಿಂದ ನೋಡುತ್ತೇನೆ. ಹೇಳಲು ನಾನ್ಯಾರು ಎಂದು ಗೆಳೆಯನ ಮುಂದೆ ಕೈಮುಗಿಯುವವರು, ಅವನ ಬೆನ್ನ ಹಿಂದೆ ಆ ಪ್ರಶ್ನೆಯನ್ನು ತಮಗೆ ತಾವು ಕೇಳಿಕೊಳ್ಳುವುದಿಲ್ಲ. ಸ್ನೇಹಿತರ ಇಂಥ ಮೌನಕ್ಕಿಂತ ವೈರಿಯ ಬೈಗುಳವೇ ಮೇಲಾಗುವುದುಂಟು. ಸಂತ ಮೋನಿಕಮ್ಮನವರು ಹುಡುಗಿಯಾಗಿದ್ದಾಗ ಪೀಪಾಯಿಯಿಂದ ದ್ರಾಕ್ಷಾರಸ ತರಲು ಹೋಗಿ, ಗುಟುಕು ಗುಟುಕಾಗಿ ಕುಡಿಯುವ ಚಟ ಹತ್ತಿಸಿಕೊಂಡಿದ್ದರಂತೆ. ಜೊತೆಗಿದ್ದ ದಾಸಿ ಎಷ್ಟೋ ಕಾಲ ಸುಮ್ಮನಿದ್ದು, ಒಂದು ದಿನ ಜಗಳದ ಸಿಟ್ಟಿನಲ್ಲಿ ಕುಡುಕಿ ಎಂದು ಹಂಗಿಸಿದಳು. ಆ ಒಂದು ಮಾತಿಗೆ ಚಟ ಬಿಟ್ಟುಹೋಯಿತು. ದಾಸಿಗೆ ತಿದ್ದುವ ಉದ್ದೇಶವೇನೂ ಇರಲಿಲ್ಲ, ನೋಯಿಸುವ ಉದ್ದೇಶವಿತ್ತು ಎಂದು ಅಗುಸ್ತೀನರೇ ತಮ್ಮ ಆತ್ಮನಿವೇದನೆಯಲ್ಲಿ ತಿಳಿಸುತ್ತಾರೆ. ಮೋನಿಕಮ್ಮನವರು ಬೆಳೆದು ಗೃಹಿಣಿಯಾದ ಮೇಲೆ, ಜಗಳವಾಡಿದ ಇಬ್ಬರೂ ಬಂದು ತಮ್ಮ ಮುಂದೆ ವಿಷ ಕಕ್ಕಿದರೂ, ಅವರನ್ನು ಒಂದುಗೂಡಿಸುವ ಮಾತನ್ನು ಬಿಟ್ಟು ಬೇರೇನನ್ನೂ ಇತ್ತಿಂದತ್ತ ಸಾಗಿಸುತ್ತಿರಲಿಲ್ಲವೆಂದೂ ಅಲ್ಲಿ ಹೇಳಿದೆ.

ಹಾಗೆಂದು ಇಲ್ಲದವರ ಬಗ್ಗೆ ಆಡುವ ಮಾತೆಲ್ಲವೂ ಪಾಪವಲ್ಲ. ಗಂಡನ ಹೊಡೆತ ತಿಂದ ಹೆಣ್ಣುಮಗಳು ಗೆಳತಿಯ ಮುಂದೆ ತನ್ನ ನೋವನ್ನು ತೋಡಿಕೊಂಡರೆ ಅದನ್ನು ಚಾಡಿಯೆನ್ನಲಾಗದು. ಮೊದಲು ಅವನೊಡನೆ ಏಕಾಂತದಲ್ಲಿ ಮಾತಾಡು ಎಂದು ಅವಳಿಗೆ ಬುದ್ಧಿ ಹೇಳುವುದು ಕ್ರೌರ್ಯ. ಮಗುವಿನ ಮೇಲೆ ಕೈ ಮಾಡಿದವನ ವಿಷಯವನ್ನು ತಡೆಯಬಲ್ಲವರಿಗೆ ತಿಳಿಸಲೇಬೇಕು, ಅವನು ಪೂಜಾವಸ್ತ್ರ ಧರಿಸಿದವನಾಗಿದ್ದರೂ ಸರಿ. ಗುರುಗಳೂ ಧಾರ್ಮಿಕ ಸಹೋದರ ಸಹೋದರಿಯರೂ ಇಂಥ ಸಂಗತಿಯನ್ನು ವರದಿ ಮಾಡಲು ಬದ್ಧರೆಂದು ಪೋಪ್ ಫ್ರಾನ್ಸಿಸರು 2019ರಲ್ಲಿ ಕಾನೂನನ್ನೇ ಮಾಡಿದರು. ಹರಟೆಯ ನಾಲಿಗೆಯನ್ನು ಭಯೋತ್ಪಾದನೆಗೆ ಹೋಲಿಸಿದ ಜಗದ್ಗುರುಗಳೇ ಇದನ್ನೂ ವಿಧಿಸಿದರೆಂಬುದನ್ನು ಮರೆಯಬಾರದು. ಬಾಯಿಮುಚ್ಚಿಸುವುದಕ್ಕಾಗಿ ಪರರನ್ನು ದೂರಬೇಡ ಎಂಬ ವಾಕ್ಯವನ್ನು ಬಳಸುವವರು ನಮ್ಮ ನಡುವೆ ಇದ್ದಾರೆ. ಅವರಿಗೆ ಅಂಗಳದ ಹರಟೆ ತೊಂದರೆ ಕೊಡುವುದಿಲ್ಲ, ಎದ್ದುನಿಂತು ಕೇಳುವ ಪ್ರಶ್ನೆ ತೊಂದರೆ ಕೊಡುತ್ತದೆ.

ಯಾರ ಬಳಿ ಹೇಳುತ್ತಿದ್ದೇನೆ, ಅವರಿಂದ ಏನಾದರೂ ಸರಿಹೋಗುವುದುಂಟೇ ಎಂದು ಕೇಳಿಕೊಂಡರೆ ವ್ಯತ್ಯಾಸ ಬಹುಮಟ್ಟಿಗೆ ತಿಳಿಯುತ್ತದೆ. ಇನ್ನೊಂದು ಲೆಕ್ಕವೂ ಇದೆ. ಎದುರಿಗೆ ಹೇಳುವವನು ಸ್ನೇಹವನ್ನೇ ಪಣಕ್ಕಿಡುತ್ತಾನೆ. ನಾತಾನನು ದಾವೀದ ಅರಸನ ಮುಂದೆ ತಲೆಯನ್ನೇ ಒಡ್ಡಿ ನಿಂತಿದ್ದನು. ಬೆನ್ನ ಹಿಂದೆ ಹೇಳುವವನು ಏನನ್ನೂ ಕಳೆದುಕೊಳ್ಳುವುದಿಲ್ಲ. ಈಗಂತೂ ಇದಕ್ಕೆ ಅಂಗಳದಲ್ಲಿ ನಿಲ್ಲುವ ಶ್ರಮವೂ ಬೇಕಿಲ್ಲ. ಐವರಿರುವ ವಾಟ್ಸಾಪ್ ಗುಂಪಿನಲ್ಲಿ ಒಬ್ಬರನ್ನು ಬಿಟ್ಟು ನಾಲ್ವರ ಮತ್ತೊಂದು ಗುಂಪು ಹುಟ್ಟಿಕೊಳ್ಳುತ್ತದೆ. ಅಲ್ಲಿ ಬರೆದದ್ದು ಪರದೆಯ ಚಿತ್ರವಾಗಿ ಯಾವುದೋ ದ್ವೀಪದಲ್ಲಿ ಯಾರಿಗೋ ಸಿಕ್ಕಿ, ಓದಬಾರದವರೆಲ್ಲ ಓದಿಯಾದ ಮೇಲೆ ಆ ಐದನೆಯವರ ಕೈಸೇರುತ್ತದೆ. ಅಗುಸ್ತೀನರ ಪತ್ರ ಬೆತ್ಲೆಹೇಮ್ ತಲುಪಲು ವರ್ಷಗಳು ಹಿಡಿದವು. ನಮ್ಮದಕ್ಕೆ ಒಂದು ಮಧ್ಯಾಹ್ನ ಸಾಕು.

ಹಿಪ್ಪೋದಲ್ಲಿ ಅಗುಸ್ತೀನರು ತಮ್ಮ ಗುರುಗಳೊಂದಿಗೆ ಉಣ್ಣುತ್ತಿದ್ದ ಮೇಜಿನ ವಿಷಯವನ್ನು ಅವರ ಜೀವನಚರಿತ್ರೆ ಬರೆದ ಧರ್ಮಾಧ್ಯಕ್ಷ ಪೊಸಿದಿಯುಸರು ದಾಖಲಿಸಿದ್ದಾರೆ. ಚಮಚಗಳು ಮಾತ್ರ ಬೆಳ್ಳಿಯವು; ಪಾತ್ರೆಗಳು ಮಣ್ಣಿನವು, ಮರದವು ಇಲ್ಲವೇ ಕಲ್ಲಿನವು. ಇಲ್ಲದವರ ನಡತೆಯನ್ನು ಮಾತಿನಿಂದ ಕಚ್ಚುವವರಿಗೆ ಈ ಮೇಜಿನಲ್ಲಿ ಜಾಗವಿಲ್ಲ ಎಂಬರ್ಥದ ಪದ್ಯವನ್ನು ಆ ಮೇಜಿನ ಮೇಲೆ ಬರೆಯಿಸಿದ್ದರು. ಒಮ್ಮೆ ಅವರ ಅತ್ಯಂತ ಆಪ್ತರಾದ ಕೆಲವು ಧರ್ಮಾಧ್ಯಕ್ಷರು ಊಟಕ್ಕೆ ಕುಳಿತವರು ಆ ಬರಹವನ್ನು ಮರೆತು ಮಾತಿಗಿಳಿದರು. ಅಗುಸ್ತೀನರಿಗೆ ಸಿಟ್ಟೇರಿತು. ಒಂದೋ ಆ ಸಾಲುಗಳನ್ನು ಮೇಜಿನಿಂದ ಅಳಿಸಬೇಕು, ಇಲ್ಲವೇ ತಾನು ಊಟದ ನಡುವೆಯೇ ಎದ್ದು ಕೋಣೆಗೆ ಹೋಗುವುದಾಗಿ ಅವರ ಮುಖದ ಮೇಲೆಯೇ ಹೇಳಿದರು. ಆ ಮೇಜಿನಲ್ಲಿ ಕುಳಿತಿದ್ದ ನಾನೂ ಇತರರೂ ಇದನ್ನು ಕಂಡು ಅನುಭವಿಸಿದ್ದೇವೆ ಎನ್ನುತ್ತಾರೆ ಪೊಸಿದಿಯುಸರು. ಆ ಧರ್ಮಾಧ್ಯಕ್ಷರು ಯಾರು, ಯಾರನ್ನು ಕುರಿತು ಅವರು ಆಡಿಕೊಳ್ಳುತ್ತಿದ್ದರು ಎಂಬುದನ್ನು ಅವರು ಬರೆದಿಲ್ಲ.